ಕಡಲಂಚಿನ ವನ್ಯಜೀವಿಧಾಮದಲ್ಲಿ ಸ್ವಯಂಸೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಒಂದು ವನ್ಯಜೀವಿಧಾಮದಲ್ಲಿ ನಾನು ಕೆಲವು ವರ್ಷಗಳಿಂದ ವಾಲಂಟಿಯರ್ ಆಗಿದ್ದೇನೆ. ಇಲ್ಲಿನವರು ಅದನ್ನು ರೆಫ್ಯೂಜ್ ಅನ್ನುತ್ತಾರೆ. ಇಲ್ಲಿ ನೆಲೆಸಿರುವ ಕನ್ನಡದ ಗೆಳೆಯರು, ಅವರನ್ನು ನೋಡಲು ಊರಿಂದ ಬಂದ ಹಿರಿಯರು, ದಡದಲ್ಲಿ ಸಿಕ್ಕ ಅಪರಿಚಿತರು ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು ಬರುತ್ತವೆ, ಕೆಲಸ ಹಿಡಿದವರದ್ದು ಆಮೇಲೆ.

## ಮೊದಲ ಸಲ ಬರುವವರಿಗೆ

ರೆಫ್ಯೂಜ್ ಅಂದ್ರೆ ನ್ಯಾಷನಲ್ ಪಾರ್ಕ್ ಥರಾನೇ ಅಲ್ವಾ?

ಹೊರಗಿನಿಂದ ಹಾಗೇ ಕಾಣುತ್ತದೆ. ಬೋರ್ಡು, ರೇಂಜರ್, ನಡೆಯುವ ದಾರಿ ಎಲ್ಲ ಎರಡೂ ಕಡೆ ಇವೆ. ಆದರೆ ಉದ್ದೇಶ ಬೇರೆ. ನ್ಯಾಷನಲ್ ಪಾರ್ಕಿನಲ್ಲಿ ಜಾಗವನ್ನು ಕಾಪಾಡುವುದರ ಜೊತೆಗೆ ಜನ ಅದನ್ನು ನೋಡಿ ಸಂತೋಷಪಡಬೇಕು ಅನ್ನುವುದೂ ಇದೆ. ರೆಫ್ಯೂಜಿನಲ್ಲಿ ಪ್ರಾಣಿ ಪಕ್ಷಿಗಳಿಗೆ ಮೊದಲ ಹಕ್ಕು. ಅವಕ್ಕೆ ತೊಂದರೆ ಆಗುತ್ತದೆ ಅಂದರೆ ಜನರಿಗೆ ಬಾಗಿಲು ಮುಚ್ಚಬಹುದು. ನಡೆಸುವ ಇಲಾಖೆಗಳೂ ಬೇರೆ. ಪಾರ್ಕುಗಳನ್ನು ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಂಡರೆ, ರೆಫ್ಯೂಜುಗಳು ಫಿಶ್ ಆಂಡ್ ವೈಲ್ಡ್‌ಲೈಫ್ ಸರ್ವಿಸ್ ಕೈಯಲ್ಲಿವೆ.

ಇದೆಲ್ಲ ಶುರುವಾದದ್ದೂ ಕಡಲಂಚಿನಲ್ಲೇ. ಫ್ಲಾರಿಡಾದ ಇಂಡಿಯನ್ ರಿವರ್ ಎಂಬ ಹಿನ್ನೀರಿನಲ್ಲಿ ಪೆಲಿಕನ್ ಐಲ್ಯಾಂಡ್ ಅಂತ ಐದಾರು ಎಕರೆಯ ಒಂದು ನಡುಗಡ್ಡೆ ಇತ್ತು. ಆಗ ಹೆಂಗಸರ ಟೋಪಿಗೆ ಸಿಕ್ಕಿಸುವ ಗರಿಗಾಗಿ ಬೆಳ್ಳಕ್ಕಿ, ಹೆಜ್ಜಾರ್ಲೆಗಳನ್ನು ಸಾವಿರಗಟ್ಟಲೆ ಕೊಲ್ಲುತ್ತಿದ್ದರು. 1903ರ ಮಾರ್ಚ್ 14ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆ ನಡುಗಡ್ಡೆಯನ್ನು ಪಕ್ಷಿಗಳಿಗೆ ಮೀಸಲಿಟ್ಟರು. ಕಾವಲಿಗೆ ನಿಂತವರು ಪಾಲ್ ಕ್ರೋಗೆಲ್, ಜರ್ಮನಿಯಿಂದ ಬಂದು ಎದುರು ದಡದಲ್ಲಿ ನೆಲೆಸಿದ್ದ ದೋಣಿ ಕಟ್ಟುವವರು. ಸಂಬಳ ತಿಂಗಳಿಗೆ 1 ಡಾಲರ್. ಅದನ್ನೂ ಸರ್ಕಾರ ಕೊಡಲಿಲ್ಲ, ಪಕ್ಷಿಪ್ರೇಮಿಗಳು ಕೂಡಿಸಿ ಕೊಟ್ಟರು. ನೇಮಕಕ್ಕೆ ಎಷ್ಟೋ ಮೊದಲಿನಿಂದ ಅವರು ಸುಮ್ನೆ, ತಮ್ಮ ಪಾಡಿಗೆ ಆ ಹಕ್ಕಿಗಳನ್ನು ಕಾಯುತ್ತಿದ್ದರು. ಇವತ್ತು ದೇಶದಲ್ಲಿ 570ಕ್ಕೂ ಹೆಚ್ಚು ರೆಫ್ಯೂಜುಗಳಿವೆ. ಮೊದಲನೆಯದು ಒಬ್ಬ ನೆರೆಯವನ ಕಾಳಜಿಯಿಂದ ಉಳಿಯಿತು ಅನ್ನುವುದನ್ನು ನಾನು ಹೊಸ ವಾಲಂಟಿಯರ್‌ಗಳಿಗೆ ತಪ್ಪದೆ ಹೇಳುತ್ತೇನೆ.

ನಂಗೆ ಹಕ್ಕಿಗಳ ಹೆಸರೇ ಗೊತ್ತಿಲ್ಲ. ನಾನು ಬಂದು ಏನು ಮಾಡ್ಲಿ?

ಬನ್ನಿ. ಹೆಸರು ಬಾರದವರು ಮಾಡುವ ಕೆಲಸವೇ ಜಾಸ್ತಿ. ದಾರಿಗೆ ಬಾಗಿದ ಕೊಂಬೆ ಕತ್ತರಿಸಬೇಕು. ಮರದ ಹಲಗೆಯ ಕಾಲುದಾರಿಯಲ್ಲಿ ಎದ್ದ ಮೊಳೆ ಹೊಡೆಯಬೇಕು. ಹೊರಗಿನಿಂದ ಬಂದು ಹಬ್ಬಿದ ಕಳೆ ಕೀಳಬೇಕು. ವಿಸಿಟರ್ ಸೆಂಟರಿನ ಮೇಜಿನ ಹಿಂದೆ ಕೂತು ನಕ್ಷೆ ಕೊಡಬೇಕು, ಶೌಚಾಲಯ ಎಲ್ಲಿದೆ ಅಂತ ದಿನಕ್ಕೆ ನಲವತ್ತು ಸಲ ನಗುತ್ತಾ ಹೇಳಬೇಕು. ಮೀನು ಹಿಡಿಯುವವರು ಬಿಟ್ಟುಹೋದ ನೈಲಾನ್ ದಾರ ಆರಿಸಬೇಕು. ಈ ಕೊನೆಯದು ಸಣ್ಣ ಕೆಲಸದಂತೆ ಕಂಡರೂ ನೇರವಾಗಿ ಜೀವ ಉಳಿಸುವಂಥದ್ದು. ಆ ದಾರ ಹೆಜ್ಜಾರ್ಲೆಯ ರೆಕ್ಕೆಗೆ ಸುತ್ತಿಕೊಂಡರೆ ಅದು ಉಪವಾಸ ಬಿದ್ದು ಸಾಯುತ್ತದೆ.

ಅಕೌಂಟ್ಸ್ ಬಲ್ಲವರು, ಮರಗೆಲಸ ಬಲ್ಲವರು, ಫೋಟೋ ತೆಗೆಯುವವರು, ಮಕ್ಕಳಿಗೆ ಕಥೆ ಹೇಳಬಲ್ಲವರು ಎಲ್ಲರಿಗೂ ಜಾಗವಿದೆ. ಹಕ್ಕಿಗಳ ಹೆಸರು ತಾನಾಗಿ ಬರುತ್ತದೆ. ಒಂದೇ ದಾರಿಯಲ್ಲಿ ವಾರವಾರ ನಡೆದರೆ ವರ್ಷದೊಳಗೆ ಮೂವತ್ತು ನಲವತ್ತು ಹಕ್ಕಿ ಗುರುತು ಹಿಡಿಯುತ್ತೀರಿ.

ಸೇರೋದು ಹೇಗೆ? ಎಲ್ಲಿ ಕೇಳಬೇಕು?

ಎರಡು ದಾರಿ. ಮೊದಲನೆಯದು ವಾಲಂಟಿಯರ್ ಡಾಟ್ ಗವ್ ಅನ್ನುವ ಸರ್ಕಾರಿ ತಾಣ. ಅಲ್ಲಿ ರಾಜ್ಯವಾರು ಕೆಲಸಗಳ ಪಟ್ಟಿ ಇರುತ್ತದೆ. ಎರಡನೆಯದು ನೇರವಾಗಿ ನಿಮ್ಮ ಹತ್ತಿರದ ರೆಫ್ಯೂಜಿಗೆ ಹೋಗಿ ಕೇಳುವುದು. ನಾನು ಎರಡನೆಯದಕ್ಕೇ ಓಟು ಹಾಕುತ್ತೇನೆ. ಎಷ್ಟೋ ಕೆಲಸಗಳು ಪಟ್ಟಿಗೆ ಬರುವುದೇ ಇಲ್ಲ. ಒಂದು ಸಲ ಮುಖ ಪರಿಚಯವಾದರೆ ವಾಲಂಟಿಯರ್‌ಗಳನ್ನು ನೋಡಿಕೊಳ್ಳುವ ಕೋಆರ್ಡಿನೇಟರ್ ನಿಮಗೆ ಹೊಂದುವ ಕೆಲಸ ಹುಡುಕುತ್ತಾರೆ.

ಆಮೇಲೆ ಒಂದು ಒಪ್ಪಂದದ ಫಾರಂ ತುಂಬಿ ಸಹಿ ಮಾಡಬೇಕು. ನೀವು ಏನು ಮಾಡುತ್ತೀರಿ, ಯಾವ ಉಪಕರಣ ಬಳಸುತ್ತೀರಿ ಅಂತ ಅದರಲ್ಲಿ ಬರೆದಿರುತ್ತದೆ. ಓದದೆ ಸಹಿ ಹಾಕಬೇಡಿ. ಅದು ಯಾಕೆ ಮುಖ್ಯ ಅಂತ ಗಾಯದ ಪ್ರಶ್ನೆಯಲ್ಲಿ ಹೇಳಿದ್ದೇನೆ.

ವಾರಕ್ಕೆ ಎಷ್ಟು ಹೊತ್ತು ಕೊಡಬೇಕು? ನಂಗೆ ಆಫೀಸ್ ಇದೆ, ಮನೆ ಇದೆ.

ನಾಲ್ಕು ಗಂಟೆಯ ಒಂದು ಪಾಳಿ, ತಿಂಗಳಿಗೆ ಎರಡು ಸಲ. ಅಷ್ಟು ಸಾಕು, ಆದರೆ ತಪ್ಪದೆ ಬನ್ನಿ. ಉತ್ಸಾಹದಲ್ಲಿ ಮೊದಲ ತಿಂಗಳು ಪ್ರತಿ ಶನಿವಾರ ಬಂದು ಆಮೇಲೆ ಕಾಣೆಯಾಗುವವರಿಗಿಂತ ಎರಡು ವಾರಕ್ಕೊಮ್ಮೆ ಬಂದು ಐದು ವರ್ಷ ಉಳಿಯುವವರಿಂದ ಜಾಸ್ತಿ ಉಪಯೋಗ. ಒಬ್ಬ ಹೊಸಬರಿಗೆ ಕೆಲಸ ಕಲಿಸಲು ಸಿಬ್ಬಂದಿ ತಮ್ಮ ಒಂದಿಡೀ ದಿನ ಕೊಟ್ಟಿರುತ್ತಾರೆ. ಸಿಬ್ಬಂದಿಯೋ, ಬೆರಳೆಣಿಕೆಯಷ್ಟು ಜನ.

ಬರೀ ಒಂದು ದಿನ ಬಿಡುವು ಇದೆಯಾ? ಹಾಗಿದ್ದರೆ ದಡ ಸ್ವಚ್ಛ ಮಾಡುವ ದಿನ ಬನ್ನಿ, ಇಲ್ಲವೇ ಅಕ್ಟೋಬರ್ ಎರಡನೇ ವಾರದ ರೆಫ್ಯೂಜ್ ವೀಕಿಗೆ ಬನ್ನಿ. ಆಗ ಒಂದು ದಿನದ ಕೈಗಳು ಎಷ್ಟಿದ್ದರೂ ಬೇಕು.

ದುಡ್ಡು ಏನಾದ್ರೂ ಕೊಡ್ತಾರಾ?

ಸಂಬಳ ಇಲ್ಲ. 250 ಗಂಟೆ ಸೇವೆ ಪೂರ್ತಿಯಾದರೆ ಒಂದು ವರ್ಷದ ಪಾಸ್ ಸಿಗುತ್ತದೆ. ಪ್ರವೇಶ ಶುಲ್ಕ ಇರುವ ರೆಫ್ಯೂಜು, ನ್ಯಾಷನಲ್ ಪಾರ್ಕುಗಳಿಗೆ ಅದರ ಮೇಲೆ ಹೋಗಬಹುದು. ತೆರಿಗೆ ಲೆಕ್ಕದಲ್ಲಿ ಖರ್ಚುಗಳನ್ನು ಒಂದೊಂದಾಗಿ ತೋರಿಸುವವರಾದರೆ, ಸೇವೆಗಾಗಿ ಕಾರು ಓಡಿಸಿದ್ದಕ್ಕೆ ಮೈಲಿಗೆ 14 ಸೆಂಟ್ ಕಳೆಯಬಹುದು. ನಿಮ್ಮ ಸಮಯಕ್ಕೆ ಬೆಲೆ ಕಟ್ಟಿ ಕಳೆಯುವ ಹಾಗಿಲ್ಲ.

ನಾನು ವೀಸಾ ಮೇಲೆ ಇದ್ದೀನಿ. ಸಂಬಳ ಇಲ್ವಲ್ಲ, ಮತ್ತೇನು ತೊಂದರೆ?

ಸಂಬಳ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂದುಕೊಳ್ಳಬೇಡಿ. ಇದು ಸರ್ಕಾರದ ಜೊತೆ ಮಾಡಿಕೊಳ್ಳುವ ಒಪ್ಪಂದ. ವೀಸಾದಿಂದ ವೀಸಾಕ್ಕೆ ನಿಯಮ ಬೇರೆ. ಕೋಆರ್ಡಿನೇಟರ್ ಹತ್ತಿರ ನಿಮ್ಮ ಸ್ಥಿತಿಯನ್ನು ಮುಚ್ಚುಮರೆ ಇಲ್ಲದೆ ಹೇಳಿ. ವಿದ್ಯಾರ್ಥಿಗಳಾದರೆ ಕಾಲೇಜಿನ ಅಂತಾರಾಷ್ಟ್ರೀಯ ಕಚೇರಿಯಲ್ಲಿ, ಕೆಲಸದ ವೀಸಾದವರು ತಮ್ಮ ವಕೀಲರ ಹತ್ತಿರ ಒಂದು ಮಾತು ಕೇಳಿ. ಗೆಳೆಯರು ಹೇಳಿದ್ದನ್ನು, ನಾನು ಹೇಳಿದ್ದನ್ನೂ, ನಂಬಿ ಸಹಿ ಹಾಕಬೇಡಿ. ಅಲ್ಲಿಯವರೆಗೆ ಎಲ್ಲರಿಗೂ ತೆರೆದಿರುವ ಪಕ್ಷಿ ನಡಿಗೆ, ಉಪನ್ಯಾಸಗಳಿಗೆ ಬರಲು ಯಾವ ಅಡ್ಡಿಯೂ ಇಲ್ಲ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮನೇಲಿ ಕೂತು ಬೇಜಾರು ಅಂತಾರೆ. ಕರ್ಕೊಂಡು ಬರ್ಲಾ?

ಖಂಡಿತ ಕರೆತನ್ನಿ. ಫಾರಂ ತುಂಬುವ ಸ್ವಯಂಸೇವೆ ಅವರಿಗೆ ಬೇಡ. ವೀಕ್ಷಕರಾಗಿ ಬರಲಿ. ಬಹಳಷ್ಟು ರೆಫ್ಯೂಜುಗಳಲ್ಲಿ ಕಾರಿನಲ್ಲೇ ಕೂತು ನೋಡಬಹುದಾದ ದಾರಿ ಇದೆ. ಫ್ಲಾರಿಡಾದ ಸ್ಯಾನಿಬೆಲ್ ದ್ವೀಪದ ಡಿಂಗ್ ಡಾರ್ಲಿಂಗ್ ರೆಫ್ಯೂಜಿನ ದಾರಿ ಇದಕ್ಕೆ ಹೆಸರುವಾಸಿ. ಕಾರನ್ನೇ ಮರೆಯಾಗಿ ಬಳಸಿ, ಕೆಳಗೆ ಇಳಿಯದೆ ನೋಡಿದರೆ ಹಕ್ಕಿಗಳು ಹೆದರುವುದೂ ಕಡಿಮೆ. ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯದು ಬೇಕಾ? ಹೋಗುವ ದಿನ ದಾರಿ ತೆರೆದಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಕೆಲವು ಕಡೆ ವಾರಕ್ಕೊಂದು ದಿನ ಮುಚ್ಚುತ್ತಾರೆ.

ಹಿರಿಯರು ಬಂದಾಗಲೆಲ್ಲ ನಾನೊಂದು ಗಮನಿಸಿದ್ದೇನೆ. ನಮಗಿಂತ ಅವರಿಗೆ ತಾಳ್ಮೆ ಜಾಸ್ತಿ. ಒಂದು ಬೆಳ್ಳಕ್ಕಿ ಮೀನಿಗಾಗಿ ಕಾಯುವಷ್ಟು ಹೊತ್ತೂ ಅವರು ಅದನ್ನು ನೋಡುತ್ತಾ ನಿಲ್ಲುತ್ತಾರೆ.

ಮಕ್ಕಳಿಗೆ ಏನಿದೆ?

ಹದಿನೆಂಟರ ಒಳಗಿನವರು ಸ್ವಯಂಸೇವೆ ಮಾಡಬೇಕಾದರೆ ತಂದೆ ತಾಯಿಯ ಸಹಿ ಬೇಕು. ಚಿಕ್ಕ ಮಕ್ಕಳ ಜೊತೆ ದೊಡ್ಡವರೊಬ್ಬರು ಇರಬೇಕು. ಬೇಸಿಗೆ ಶಿಬಿರ, ಶಾಲೆಗಳ ಭೇಟಿ, ಜೌಗಿನಲ್ಲಿ ಬಲೆ ಹಾಕಿ ಪುಟ್ಟ ಏಡಿ ಮೀನು ನೋಡಿ ಮತ್ತೆ ಬಿಡುವ ಪಾಠ ಇವೆಲ್ಲ ಊರೂರಿಗೆ ಬೇರೆ ಬೇರೆ.

ಚಿತ್ರ ಬಿಡಿಸುವ ಮಕ್ಕಳಿದ್ದರೆ ಜೂನಿಯರ್ ಡಕ್ ಸ್ಟ್ಯಾಂಪ್ ಸ್ಪರ್ಧೆ ನೋಡಿ. ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳು ಬಾತುಕೋಳಿ, ಹೆಬ್ಬಾತು, ಹಂಸಗಳ ಚಿತ್ರ ಕಳಿಸುತ್ತಾರೆ. ರಾಷ್ಟ್ರಮಟ್ಟದಲ್ಲಿ ಗೆದ್ದ ಚಿತ್ರ 5 ಡಾಲರಿನ ಸ್ಟ್ಯಾಂಪ್ ಆಗುತ್ತದೆ. ಬಿಡಿಸುವ ಹಕ್ಕಿಯನ್ನು ಮೊದಲು ಜೌಗಿನಲ್ಲಿ ನಿಂತು ನೋಡಿ ಬರಲಿ. ಫೋಟೋ ನೋಡಿ ಬರೆದದ್ದಕ್ಕೂ ಹಕ್ಕಿ ನೋಡಿ ಬರೆದದ್ದಕ್ಕೂ ವ್ಯತ್ಯಾಸ ತಿಳಿಯುತ್ತದೆ.

ನಮ್ಮ ಸಂಘದಿಂದ ಮೂವತ್ತು ಜನ ಒಟ್ಟಿಗೆ ಬರ್ತೀವಿ. ಆಗುತ್ತಾ?

ಆಗುತ್ತದೆ, ಆದರೆ ಒಂದೆರಡು ತಿಂಗಳು ಮುಂಚೆ ತಿಳಿಸಿ. ಮೂವತ್ತು ಜನರಿಗೆ ಕೈಗವಸು, ಚೀಲ, ನೀರು, ಪಾರ್ಕಿಂಗ್ ಬೇಕು. ಮುಖ್ಯವಾಗಿ ಮೂವತ್ತು ಜನರಿಗಾಗುವಷ್ಟು ಕೆಲಸ ಬೇಕು. ಹೇಳದೆ ಬಂದ ಗುಂಪನ್ನು ಸುಮ್ನೆ ನಿಲ್ಲಿಸಿಕೊಂಡರೆ ಅವರಿಗೂ ಬೇಸರ, ಸಿಬ್ಬಂದಿಗೂ ಕಷ್ಟ. ಚಳಿಗಾಲದ ಕೊನೆ ಒಳ್ಳೆಯ ಕಾಲ. ಗೂಡು ಕಟ್ಟುವ ಹಕ್ಕಿಗಳು ಬರುವುದಕ್ಕೆ ಮೊದಲು ದಡ ಸ್ವಚ್ಛವಾಗುತ್ತದೆ. ಬೇಸಿಗೆಯಲ್ಲಿ ಅಷ್ಟು ದೊಡ್ಡ ಗುಂಪನ್ನು ಮರಳಿನ ಮೇಲೆ ಬಿಡುವುದು ಕಷ್ಟ.

## ಕೆಲಸಕ್ಕೆ ಇಳಿದ ಮೇಲೆ

ಅಂಗೈಯಷ್ಟಿಲ್ಲದ ಒಂದು ಹಕ್ಕಿಗೋಸ್ಕರ ಇಡೀ ಬೀಚ್ ಮುಚ್ಚೋದಾ?

ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ಕೇಳುವವರ ಮೇಲೆ ನನಗೆ ಕೋಪವಿಲ್ಲ. ಮಕ್ಕಳನ್ನು ಕಟ್ಟಿಕೊಂಡು, ಎರಡು ಗಂಟೆ ಕಾರು ಓಡಿಸಿ ಬಂದವರಿಗೆ ಹಗ್ಗ ಕಟ್ಟಿದ ದಡ ಕಂಡರೆ ಬೇಜಾರಾಗದೆ ಇರುತ್ತದಾ?

ಹಕ್ಕಿಯ ಹೆಸರು ಪೈಪಿಂಗ್ ಪ್ಲೋವರ್. ಒಣ ಮರಳಿನದೇ ಬಣ್ಣ. ತೂಕ ಐವತ್ತು ಗ್ರಾಂ ಆಸುಪಾಸು. ಗೂಡು ಅಂದರೆ ಮರಳಿನಲ್ಲಿ ಒಂದು ಸಣ್ಣ ತಗ್ಗು, ಅದರಲ್ಲಿ ಮರಳಿನ ಬಣ್ಣದ ನಾಲ್ಕು ಮೊಟ್ಟೆ. ಎರಡು ಮಾರು ದೂರದಲ್ಲಿ ನಿಂತರೂ ಕಾಣುವುದಿಲ್ಲ. ತುಳಿದ ಮೇಲೂ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಸುಮಾರು ನಾಲ್ಕು ವಾರ ಕಾವು. ಮರಿಗಳು ಹುಟ್ಟಿದ ಕೆಲವೇ ಗಂಟೆಯಲ್ಲಿ ಓಡತೊಡಗುತ್ತವೆ. ತಾಯಿ ತಂದೆ ತಿನಿಸುವುದಿಲ್ಲ. ಹತ್ತಿಯ ಉಂಡೆಯಂಥ ಆ ಮರಿಗಳು ತಾವೇ ನೀರಿನ ಅಂಚಿಗೆ ಹೋಗಿ ಹುಳ ಹೆಕ್ಕಬೇಕು. ಹಾರಲು ಬರುವುದಕ್ಕೆ ಇನ್ನೂ ನಾಲ್ಕು ವಾರ ಬೇಕು. ಅಂದರೆ ಅಪಾಯ ಗೂಡಿನ ಜಾಗದಲ್ಲಿ ಮಾತ್ರ ಇಲ್ಲ. ಗೂಡಿನಿಂದ ನೀರಿನವರೆಗಿನ ಇಡೀ ಮರಳು ಅವುಗಳ ಊಟದ ದಾರಿ. ಆ ದಾರಿಯಲ್ಲಿ ನಮ್ಮ ಚಾಪೆ, ಛತ್ರಿ, ಚೆಂಡು ಇದ್ದರೆ ಮರಿ ಊಟಕ್ಕೆ ಹೋಗುವುದಿಲ್ಲ. ಸಮೀಪದಲ್ಲಿ ಜನ ಕಂಡರೆ ಕಾವು ಕೂತ ಹಕ್ಕಿ ಎದ್ದು ಹೋಗುತ್ತದೆ. ಬಿಸಿಲಿಗೆ ಬಿದ್ದ ಮೊಟ್ಟೆ ಬೇಗ ಕೆಡುತ್ತದೆ. ನಾವು ಬಿಟ್ಟ ತಿಂಡಿ ಚೂರಿಗೆ ಕಾಗೆ, ನರಿ, ಗಲ್ ಎಂಬ ಕಡಲಹಕ್ಕಿ ಬರುತ್ತವೆ. ತಿಂಡಿ ಮುಗಿದ ಮೇಲೆ ಮರಿಗಳನ್ನು ಹುಡುಕುತ್ತವೆ.

ಅದಕ್ಕೇ ಮ್ಯಾಸಚೂಸೆಟ್ಸ್‌ನ ಪಾರ್ಕರ್ ರಿವರ್ ರೆಫ್ಯೂಜಿನಲ್ಲಿ ಏಪ್ರಿಲ್ 1ರಿಂದ ದಡ ಮುಚ್ಚುತ್ತಾರೆ. ಮರಿಗಳು ಹಾರಿದ ಹಾಗೆ ತುಂಡು ತುಂಡಾಗಿ ತೆರೆಯುತ್ತಾರೆ. ಮುಚ್ಚಿದ್ದು ವ್ಯರ್ಥ ಆಗಿಲ್ಲ. 1986ರಲ್ಲಿ ಈ ಹಕ್ಕಿಗೆ ಕಾನೂನಿನ ರಕ್ಷಣೆ ಸಿಕ್ಕಾಗ ಅಟ್ಲಾಂಟಿಕ್ ದಡದಲ್ಲಿ ಎಣಿಕೆಗೆ ಸಿಕ್ಕದ್ದು 790 ಜೋಡಿ. ಈಗ 2,000 ದಾಟಿದೆ. ಹಗ್ಗದ ಪಕ್ಕ ಬಿಸಿಲಲ್ಲಿ ನಿಂತ ವಾಲಂಟಿಯರ್‌ಗಳ ಪಾಲು ಅದರಲ್ಲಿ ದೊಡ್ಡದು.

ಹಗ್ಗ ದಾಟಿ ಬಂದವರು ಜಗಳಕ್ಕೆ ನಿಂತರೆ ಏನ್ ಮಾಡ್ಲಿ?

ಜಗಳ ಆಡಬೇಡಿ. ದಂಡ ಹಾಕುವ ಅಧಿಕಾರ ನಿಮಗಿಲ್ಲ, ಅದು ನಿಮ್ಮ ಕೆಲಸವೂ ಅಲ್ಲ. ಹತ್ತಿರ ಹೋಗಿ, ಮೊದಲು ನಮಸ್ಕಾರ ಹೇಳಿ. "ಇಲ್ಲಿ ಬರಬಾರದು" ಅಂತ ಶುರು ಮಾಡಿದರೆ ಎದುರಿನವರು ವಾದಕ್ಕೆ ಸಿದ್ಧರಾಗುತ್ತಾರೆ. ನಾನು ದುರ್ಬೀನು ಕೊಟ್ಟು, "ಅಗೋ ಅಲ್ಲಿ ನೋಡಿ, ನಿನ್ನೆ ಹುಟ್ಟಿದ ಮರಿ" ಅನ್ನುತ್ತೇನೆ. ಮರಿ ಕಂಡ ಮೇಲೆ ಹೆಚ್ಚಿನವರು ತಾವೇ ಹಿಂದೆ ಸರಿಯುತ್ತಾರೆ. ಎಷ್ಟೋ ಸಲ ಮಕ್ಕಳೇ ಅಪ್ಪನ ಕೈ ಹಿಡಿದು ಎಳೆದುಕೊಂಡು ಹೋಗಿದ್ದಾರೆ.

ಕೇಳದವರೂ ಇರುತ್ತಾರೆ. ಆಗ ನೀವು ಎರಡು ಹೆಜ್ಜೆ ಹಿಂದಕ್ಕೆ ಬನ್ನಿ, ರೇಡಿಯೋದಲ್ಲಿ ಸಿಬ್ಬಂದಿಗೆ ತಿಳಿಸಿ, ಸಮಯ ಮತ್ತು ಜಾಗ ಬರೆದುಕೊಳ್ಳಿ. ಅವರ ಹಿಂದೆ ಹಗ್ಗದೊಳಗೆ ನುಗ್ಗಬೇಡಿ. ಒಂದು ಜೋಡಿ ಕಾಲಿಗಿಂತ ಎರಡು ಜೋಡಿ ಕಾಲು ಗೂಡಿಗೆ ಇನ್ನೂ ಅಪಾಯ.

ಆಮೆ ಮರಿಗಳನ್ನ ಕೈಯಲ್ಲಿ ಹಿಡಿದು ಸಮುದ್ರಕ್ಕೆ ಬಿಡಬೇಕು ಅಂತ ಬಹಳ ಆಸೆ.

ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮುಟ್ಟುವುದು ಕಾನೂನಿಗೆ ವಿರುದ್ಧ, ಪರವಾನಗಿ ಇದ್ದವರಿಗೆ ಮಾತ್ರ ಅವಕಾಶ. ಮರಿ ಮರಳಿನ ಮೇಲೆ ತಾನೇ ತೆವಳಿ ಹೋಗುವುದು ಅದರ ಬದುಕಿನ ಭಾಗ. ನೋಡಲು ಅವಕಾಶ ಇದೆ. ಫ್ಲಾರಿಡಾದಲ್ಲಿ 1991ರಲ್ಲಿ ಆದ ಆರ್ಚಿ ಕಾರ್ ರೆಫ್ಯೂಜಿನ ದಡಕ್ಕೆ ಲಾಗರ್‌ಹೆಡ್ ಮತ್ತು ಹಸಿರು ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಆ ಕಡಲಂಚಿನಲ್ಲಿ ಜೂನ್, ಜುಲೈ ರಾತ್ರಿಗಳಲ್ಲಿ ಪರವಾನಗಿ ಪಡೆದ ಮಾರ್ಗದರ್ಶಕರು ಸಣ್ಣ ಗುಂಪುಗಳನ್ನು ಕರೆದೊಯ್ಯುತ್ತಾರೆ. ಮೊದಲೇ ಹೆಸರು ಬರೆಸಬೇಕು.

ಅದಕ್ಕಿಂತ ಉಪಯೋಗದ ಕೆಲಸ ಸಂಜೆ ಇದೆ. ದಡದಲ್ಲಿ ಮಕ್ಕಳು ತೋಡಿದ ಗುಂಡಿ ಮುಚ್ಚಿ. ಮರಳಿನ ಕೋಟೆ ಸಮ ಮಾಡಿ. ಬಿಟ್ಟುಹೋದ ಕುರ್ಚಿ ಎತ್ತಿ. ದಡದ ಮನೆಯವರಿಗೆ ದೀಪ ಆರಿಸಲು ಹೇಳಿ. ಮರಿಗಳು ಬೆಳಕು ಕಂಡ ಕಡೆ ಹೋಗುತ್ತವೆ. ಕತ್ತಲಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಕಾಣಬೇಕಾದದ್ದು ಸಮುದ್ರ. ಅದರ ಬದಲು ರಸ್ತೆ ದೀಪ ಕಂಡರೆ ಅವು ರಸ್ತೆಗೆ ಹೋಗುತ್ತವೆ.

ದಡದಲ್ಲಿ ಗುರಾಣಿ ಥರದ ಏಡಿ ಮಗುಚಿ ಬಿದ್ದು ಒದ್ದಾಡ್ತಿತ್ತು. ಮುಟ್ಟಬಹುದಾ?

ಇದನ್ನು ಮುಟ್ಟಬಹುದು, ಮುಟ್ಟಿ ತಿರುಗಿಸಿ. ಇದು ಹಾರ್ಸ್‌ಶೂ ಕ್ರ್ಯಾಬ್, ಕುದುರೆ ಲಾಳದ ಆಕಾರದ್ದು. ಹೆಸರಿಗೆ ಏಡಿ, ನಿಜಕ್ಕೂ ಜೇಡ ಚೇಳುಗಳಿಗೆ ಹತ್ತಿರದ ನಂಟು. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಚಿಪ್ಪಿನ ಎರಡೂ ಅಂಚು ಹಿಡಿದು ನಿಧಾನವಾಗಿ ಮಗುಚಿ. ಬಾಲ ಹಿಡಿದು ಎತ್ತಬೇಡಿ. ಬಾಲದ ಬುಡಕ್ಕೆ ಪೆಟ್ಟಾದರೆ ಮುಂದಿನ ಸಲ ಅದು ತಾನಾಗಿ ತಿರುಗಿಕೊಳ್ಳಲಾರದು.

ಮೇ, ಜೂನ್ ತಿಂಗಳ ಹುಣ್ಣಿಮೆ ಅಮಾವಾಸ್ಯೆಯ ಉಬ್ಬರಕ್ಕೆ ಇವು ಡೆಲವೇರ್ ಕೊಲ್ಲಿಯ ದಡಕ್ಕೆ ರಾಶಿ ರಾಶಿಯಾಗಿ ಮೊಟ್ಟೆ ಇಡಲು ಬರುತ್ತವೆ. ಅದೇ ಹೊತ್ತಿಗೆ ದಕ್ಷಿಣ ಅಮೆರಿಕದ ತುದಿಯಿಂದ ಹೊರಟ ರೆಡ್ ನಾಟ್ ಹಕ್ಕಿಗಳು ಹಸಿದು, ಬಡಕಲಾಗಿ ಅಲ್ಲಿಗೆ ಇಳಿಯುತ್ತವೆ. ಎರಡು ವಾರ ಆ ಮೊಟ್ಟೆಗಳನ್ನೇ ತಿಂದು ತೂಕವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಕೊಂಡು ಉತ್ತರ ಧ್ರುವದ ಕಡೆ ಹಾರುತ್ತವೆ. ಆ ರಾತ್ರಿಗಳಲ್ಲಿ ವಾಲಂಟಿಯರ್‌ಗಳು ಟಾರ್ಚ್ ಹಿಡಿದು ಏಡಿ ಎಣಿಸುತ್ತಾರೆ. ಒಂದು ಸಲ ಹೋದವರು ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಗುರುತು ಹಾಕಿಕೊಳ್ಳುವುದನ್ನು ನೋಡಿದ್ದೇನೆ.

ಮರಿಯೊಂದು ಒಂಟಿಯಾಗಿ ಕೂತಿದೆ. ಮನೆಗೆ ತಂದು ಸಾಕ್ಲಾ?

ಬೇಡ. ಅದರ ತಾಯಿ ಹತ್ತಿರದಲ್ಲೇ ಇದ್ದು, ನೀವು ಹೋಗಲಿ ಅಂತ ಕಾಯುತ್ತಿರುವ ಸಾಧ್ಯತೆಯೇ ಜಾಸ್ತಿ. ದೂರ ಸರಿಯಿರಿ. ರಕ್ತ, ಮುರಿದ ರೆಕ್ಕೆ, ಸುತ್ತಿದ ದಾರ ಕಂಡರೆ ಮಾತ್ರ ರೆಫ್ಯೂಜಿಗೆ ಫೋನ್ ಮಾಡಿ, ಅವರು ಬರುವವರೆಗೆ ಜಾಗ ಮರೆಯದ ಹಾಗೆ ಅಲ್ಲೇ ನಿಲ್ಲಿ.

ನಾಯಿ ತರಬಹುದಾ? ಡ್ರೋನ್ ಹಾರಿಸಬಹುದಾ?

ಡ್ರೋನ್ ಬೇಡವೇ ಬೇಡ. ಅದರ ನೆರಳು ಹಕ್ಕಿಗಳಿಗೆ ಗಿಡುಗನ ಹಾಗೆ. ನಾಯಿಯ ನಿಯಮ ಒಂದೊಂದು ರೆಫ್ಯೂಜಿಗೆ ಒಂದೊಂದು. ಬೋರ್ಡ್ ಓದಿ. ಪಾಳಿಗೆ ಬರುವಾಗಂತೂ ಮನೆಯಲ್ಲೇ ಬಿಟ್ಟು ಬನ್ನಿ.

ಏನು ಹಾಕ್ಕೊಂಡು ಬರಬೇಕು? ರಕ್ತ ಹೀರೋ ಉಣ್ಣೆ ಹುಳ (ಟಿಕ್) ಅಂದ್ರೆ ಭಯ.

ತಿಳಿ ಬಣ್ಣದ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ. ಉಣ್ಣೆ ಹತ್ತಿದರೆ ತಿಳಿ ಬಣ್ಣದ ಮೇಲೆ ಕಾಣುತ್ತದೆ. ಈಶಾನ್ಯ ಕರಾವಳಿಯಲ್ಲಿ ಉಣ್ಣೆಯಿಂದ ಲೈಮ್ ರೋಗ ಬರುತ್ತದೆ, ಆದ್ದರಿಂದ ಭಯ ಸರಿಯಾದದ್ದೇ. ಮನೆಗೆ ಹೋದ ಕೂಡಲೇ ಸ್ನಾನ ಮಾಡಿ ಮಂಡಿಯ ಹಿಂದೆ, ಕಂಕುಳು, ತಲೆಬುಡ ನೋಡಿಕೊಳ್ಳಿ. ಜುಲೈಯಲ್ಲಿ ಜೌಗಿನ ಹತ್ತಿರ ಗ್ರೀನ್‌ಹೆಡ್ ಎಂಬ ನೊಣಗಳು ಕಚ್ಚುತ್ತವೆ, ಅವಕ್ಕೆ ಉದ್ದ ತೋಳಿನ ಅಂಗಿಯೇ ಮದ್ದು. ನೀರು, ಟೋಪಿ ಮರೆಯಬೇಡಿ. ಹೊರಡುವ ಮೊದಲು ಉಬ್ಬರದ ಸಮಯ ನೋಡಿ. ಇಳಿತದಲ್ಲಿ ನಡೆದು ಹೋದ ದಾರಿ ಆರು ಗಂಟೆಯ ನಂತರ ಸೊಂಟದವರೆಗೆ ನೀರಾಗಿರಬಹುದು.

ಕೆಲಸ ಮಾಡುವಾಗ ಗಾಯ ಆದ್ರೆ ಯಾರು ನೋಡ್ಕೋತಾರೆ?

ಒಪ್ಪಂದಕ್ಕೆ ಸಹಿ ಹಾಕಿ, ಅದರಲ್ಲಿ ಬರೆದ ಕೆಲಸ ಮಾಡುವಾಗ ಗಾಯವಾದರೆ, ಆ ಮಟ್ಟಿಗೆ ನಿಮ್ಮನ್ನು ಫೆಡರಲ್ ನೌಕರರಂತೆ ಪರಿಗಣಿಸಿ ಗಾಯದ ಪರಿಹಾರ ಕೊಡುವ ಕಾನೂನು ಇದೆ. "ಬರೆದ ಕೆಲಸ" ಅನ್ನುವುದನ್ನು ಗಮನಿಸಿ. ಕಳೆ ಕೀಳಲು ಸಹಿ ಹಾಕಿದವರು ಉತ್ಸಾಹದಿಂದ ಚೈನ್ ಸಾ (ಮರ ಕೊಯ್ಯುವ ಯಂತ್ರದ ಗರಗಸ) ಹಿಡಿದು ಗಾಯ ಮಾಡಿಕೊಂಡರೆ ಕಷ್ಟ. ಸಾ, ದೋಣಿ, ಸರ್ಕಾರಿ ವಾಹನ ಇವಕ್ಕೆಲ್ಲ ಬೇರೆ ತರಬೇತಿ ಇದೆ. ಚಿಕ್ಕ ಗಾಯವಾದರೂ ಅದೇ ದಿನ ತಿಳಿಸಿ, ಬರಹದಲ್ಲಿ ತಿಳಿಸಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ವನ್ಯಜೀವಿಧಾಮ ಅಂತೀರಿ, ಒಳಗೆ ಬೇಟೆಗೂ ಬಿಡ್ತೀರಿ. ಇದೇನ್ರೀ ಇದು?

ಮೊದಲ ಸಲ ಕೇಳಿದಾಗ ನನಗೂ ಸಂಕಟವಾಯಿತು. ಹೀಗಿದೆ ವಿಷಯ. 1997ರ ಕಾನೂನು ರೆಫ್ಯೂಜಿನಲ್ಲಿ ಆರು ಬಗೆಯ ಬಳಕೆಗೆ ಆದ್ಯತೆ ಕೊಟ್ಟಿದೆ: ಬೇಟೆ, ಮೀನು ಹಿಡಿಯುವುದು, ವನ್ಯಜೀವಿ ವೀಕ್ಷಣೆ, ಛಾಯಾಗ್ರಹಣ, ಪರಿಸರ ಶಿಕ್ಷಣ, ಮತ್ತು ಜಾಗದ ಕಥೆ ಹೇಳುವ ಕಾರ್ಯಕ್ರಮಗಳು. ಯಾವುದಾದರೂ ಸರಿ, ಆ ರೆಫ್ಯೂಜಿನ ಉದ್ದೇಶಕ್ಕೆ ಅಡ್ಡ ಬರದಿದ್ದರೆ ಮಾತ್ರ. ಕಾಲ, ಜಾಗ, ಸಂಖ್ಯೆ ಎಲ್ಲಕ್ಕೂ ಮಿತಿ ಇದೆ.

ಹಣದ ಕಥೆಯೂ ಇದೆ. 1930ರ ದಶಕದಲ್ಲಿ ಬರ ಬಿದ್ದು, ಜೌಗುಗಳು ಒಣಗಿ, ಬಾತುಕೋಳಿಗಳ ಸಂಖ್ಯೆ ಕುಸಿಯಿತು. ಆಗ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದ ಜೆ. ಎನ್. ಡಾರ್ಲಿಂಗ್ ಅವರನ್ನು ವನ್ಯಜೀವಿ ಇಲಾಖೆಯ ಮುಖ್ಯಸ್ಥರನ್ನಾಗಿ ಮಾಡಿದರು. 1934ರಲ್ಲಿ ಬಾತುಕೋಳಿ ಬೇಟೆಯಾಡುವವರು 1 ಡಾಲರಿನ ಡಕ್ ಸ್ಟ್ಯಾಂಪ್ ಕೊಳ್ಳಲೇಬೇಕು ಅಂತ ಕಾನೂನಾಯಿತು. ಮೊದಲ ಸ್ಟ್ಯಾಂಪಿನ ಚಿತ್ರ ಡಾರ್ಲಿಂಗ್ ಅವರದ್ದೇ. ರೆಫ್ಯೂಜಿನ ಬೋರ್ಡುಗಳ ಮೇಲೆ ಹಾರುವ ನೀಲಿ ಹೆಬ್ಬಾತನ್ನು ಬಿಡಿಸಿದವರೂ ಅವರೇ. ಸ್ಟ್ಯಾಂಪಿಗೆ ಈಗ 25 ಡಾಲರ್. ಪ್ರತಿ ಡಾಲರಿನಲ್ಲಿ 98 ಸೆಂಟ್ ಜೌಗು ಪ್ರದೇಶ ಕೊಳ್ಳಲು, ಕಾಪಾಡಲು ಹೋಗುತ್ತದೆ.

ಬೇಟೆ ನನಗೆ ಇಷ್ಟವಿಲ್ಲ. ಆದರೆ ನಾನು ನಡೆಯುವ ಜೌಗಿನಂಥ ಎಷ್ಟೋ ಜೌಗುಗಳು ಬೇಟೆಗಾರರ ಸ್ಟ್ಯಾಂಪಿನ ಹಣದಿಂದ ಉಳಿದಿವೆ ಅನ್ನುವುದನ್ನು ಒಪ್ಪಲೇಬೇಕು. ಅದಕ್ಕೇ ಬೇಟೆಯಾಡದ ನಾವೂ ಪ್ರತಿ ಜುಲೈಯಲ್ಲಿ ಒಂದು ಸ್ಟ್ಯಾಂಪ್ ಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಶುಲ್ಕ ಇರುವ ರೆಫ್ಯೂಜುಗಳಿಗೆ ಅದೇ ವರ್ಷದ ಪಾಸ್ ಕೂಡ ಆಗುತ್ತದೆ.

ಫ್ರೆಂಡ್ಸ್ ಗ್ರೂಪ್ ಅಂತಾರಲ್ಲ, ಅದು ವಾಲಂಟಿಯರ್‌ಗಳ ಗುಂಪೇನಾ?

ಬೇರೆ. ವಾಲಂಟಿಯರ್ ಕೆಲಸ ಮಾಡುವುದು ರೆಫ್ಯೂಜಿಗೆ. ಫ್ರೆಂಡ್ಸ್ ಅನ್ನುವುದು ಊರಿನವರು ಕಟ್ಟಿದ, ಲಾಭ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆ. ಪುಸ್ತಕದ ಅಂಗಡಿ ನಡೆಸುತ್ತಾರೆ, ದೇಣಿಗೆ ಎತ್ತುತ್ತಾರೆ, ಶಾಲಾ ಬಸ್ಸಿನ ಬಾಡಿಗೆ ಕಟ್ಟುತ್ತಾರೆ. ಸಿಬ್ಬಂದಿ ಹೇಳಲಾಗದ ಮಾತನ್ನು ಜನಪ್ರತಿನಿಧಿಗಳ ಮುಂದೆ ಹೇಳುತ್ತಾರೆ. ಸರ್ಕಾರಿ ನೌಕರರು ಬಜೆಟ್ ಹೆಚ್ಚಿಸಿ ಅಂತ ಲಾಬಿ ಮಾಡುವ ಹಾಗಿಲ್ಲ, ನಾಗರಿಕರು ಕೇಳಬಹುದು.

ಜನ ಕೇಳಿದ್ದರಿಂದ ರೆಫ್ಯೂಜೇ ಹುಟ್ಟಿದ್ದೂ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಜೌಗು, ಉಪ್ಪಿನ ಗದ್ದೆಗಳನ್ನು ಮುಚ್ಚಿ ಕಟ್ಟಡ ಕಟ್ಟುತ್ತಿದ್ದಾಗ ಸುತ್ತಲಿನ ನಿವಾಸಿಗಳು ವರ್ಷಗಟ್ಟಲೆ ಪತ್ರ ಬರೆದು, ಸಭೆ ನಡೆಸಿ ಒತ್ತಾಯಿಸಿದರು. 1972ರಲ್ಲಿ ಕಾನೂನು ಬಂತು. ಅವರ ಪರ ನಿಂತ ಸಂಸದ ಡಾನ್ ಎಡ್ವರ್ಡ್ಸ್ ಹೆಸರನ್ನು ಆಮೇಲೆ ಆ ರೆಫ್ಯೂಜಿಗೆ ಇಟ್ಟರು.

ನಾವು ಎಣಿಸಿ ಬರೆದ ಲೆಕ್ಕ ಯಾರಾದ್ರೂ ನೋಡ್ತಾರಾ?

ನೋಡುತ್ತಾರೆ. ಎಷ್ಟು ದೂರ ಹಗ್ಗ ಕಟ್ಟಬೇಕು, ಯಾವ ವಾರ ತೆರೆಯಬೇಕು ಅನ್ನುವುದು ಆ ಲೆಕ್ಕದ ಮೇಲೆ ನಿಂತಿದೆ. 1900ರ ಕ್ರಿಸ್ಮಸ್ ದಿನ ಫ್ರಾಂಕ್ ಚಾಪ್ಮನ್ ಅವರ ಕರೆಗೆ 27 ಜನ ಹಕ್ಕಿ ಎಣಿಸಿದರು. ಹಬ್ಬದ ದಿನ ಹಕ್ಕಿ ಹೊಡೆಯುವ ಬದಲು ಎಣಿಸೋಣ ಅನ್ನುವುದು ಅವರ ಮಾತಾಗಿತ್ತು. ಆ ಎಣಿಕೆ ಈಗಲೂ ಪ್ರತಿ ವರ್ಷ ಡಿಸೆಂಬರ್ 14ರಿಂದ ಜನವರಿ 5ರವರೆಗೆ ನಡೆಯುತ್ತದೆ. ನೂರು ವರ್ಷ ದಾಟಿದ ಇಂಥ ದಾಖಲೆ ಬೇರೆ ಹೇಗೆ ಸಿಗುತ್ತಿತ್ತು?

ಒಂದು ಕಿವಿಮಾತು. ಏನೂ ಕಾಣದ ದಿನ 0 ಅಂತ ಬರೆಯಿರಿ, ಖಾಲಿ ಬಿಡಬೇಡಿ. ಮೊದಲ ವರ್ಷ ನಾನು ಖಾಲಿ ಬಿಡುತ್ತಿದ್ದೆ. ಹಕ್ಕಿ ಇರಲಿಲ್ಲವೋ, ನಾನೇ ಹೋಗಿರಲಿಲ್ಲವೋ ಅಂತ ಆಮೇಲೆ ಯಾರಿಗೂ ತಿಳಿಯಲಿಲ್ಲ. ಅಷ್ಟು ದಿನ ನಡೆದದ್ದು ಲೆಕ್ಕಕ್ಕೆ ಬಾರದೆ ಹೋಯಿತು. ಊಹಿಸಿ ಬರೆಯುವುದೂ ಬೇಡ. ಗುರುತು ಸಿಗದಿದ್ದರೆ "ಗೊತ್ತಾಗಲಿಲ್ಲ" ಅಂತ ಬರೆದರೆ ವಿಜ್ಞಾನಿಗಳು ನಿಮ್ಮನ್ನು ಇನ್ನೂ ಜಾಸ್ತಿ ನಂಬುತ್ತಾರೆ.

ಸಮುದ್ರವೇ ಮೇಲೆ ಬರ್ತಿದೆ. ನಾವು ನಾಲ್ಕು ಹುಲ್ಲು ನೆಟ್ಟು ಏನು ಉಪಯೋಗ?

ಈ ಪ್ರಶ್ನೆ ಕೇಳುವವರ ಧ್ವನಿಯಲ್ಲಿ ದುಃಖ ಇರುತ್ತದೆ, ಅದು ನನಗೂ ಇದೆ. ಸಾಲ್ಟ್‌ಮಾರ್ಶ್ ಸ್ಪ್ಯಾರೋ ಅನ್ನುವ ಗುಬ್ಬಿಯನ್ನೇ ನೋಡಿ. ಅದು ಜೌಗಿನ ಹುಲ್ಲಿನಲ್ಲಿ, ನೆಲದಿಂದ ಗೇಣು ಮೇಲೆ ಗೂಡು ಕಟ್ಟುತ್ತದೆ. ಎರಡು ದೊಡ್ಡ ಉಬ್ಬರಗಳ ನಡುವಿನ ಸುಮಾರು ನಾಲ್ಕು ವಾರದೊಳಗೆ ಮೊಟ್ಟೆ ಇಟ್ಟು, ಕಾವು ಕೂತು, ಮರಿ ಗೂಡು ಬಿಡಬೇಕು. ಉಬ್ಬರ ಒಂದಿಷ್ಟು ಎತ್ತರ ಬಂದರೂ ಮರಿಗಳು ಮುಳುಗುತ್ತವೆ. ಈ ಹಕ್ಕಿ ವರ್ಷಕ್ಕೆ ಸುಮಾರು ಶೇ. 9ರಷ್ಟು ಕಡಿಮೆಯಾಗುತ್ತಿದೆ.

ಆದರೆ ಜೌಗು ಬೆಳೆಯಬಲ್ಲದು. ಹುಲ್ಲು ಹೂಳನ್ನು ಹಿಡಿದು, ಬೇರು ಬಿಟ್ಟು, ವರ್ಷಕ್ಕಿಷ್ಟು ಮೇಲೇಳುತ್ತದೆ. ಅದಕ್ಕೆ ಅಡ್ಡಿ ನಾವೇ ಮಾಡಿದ್ದು. ನ್ಯೂ ಇಂಗ್ಲೆಂಡ್ ಕಡೆ ಹಿಂದಿನವರು ಹುಲ್ಲು ಕೊಯ್ಯಲು, ಸೊಳ್ಳೆ ಕಡಿಮೆ ಮಾಡಲು ಜೌಗಿನ ತುಂಬ ಕಾಲುವೆ ತೋಡಿದರು. ಈಗ ಅದೇ ಜೌಗಿನ ಹುಲ್ಲನ್ನು ಕೊಯ್ದು ಆ ಕಾಲುವೆಗಳಲ್ಲಿ ಹಾಸುತ್ತಾರೆ. ಉಬ್ಬರ ತಂದ ಹೂಳು ಅದರಲ್ಲಿ ನಿಂತು ಕಾಲುವೆ ಮೆಲ್ಲಗೆ ಮುಚ್ಚುತ್ತದೆ. ಬೇರೆ ಕಡೆ ಸಿಂಪಿ ಚಿಪ್ಪು ತುಂಬಿದ ಚೀಲಗಳನ್ನು ಅಂಚಿನಲ್ಲಿ ಸಾಲಾಗಿ ಇಟ್ಟು ಅಲೆಯ ಹೊಡೆತ ತಗ್ಗಿಸುತ್ತಾರೆ. ಆ ಚೀಲ ತುಂಬುವುದು, ಕೈಯಿಂದ ಕೈಗೆ ದಾಟಿಸುವುದು ವಾಲಂಟಿಯರ್‌ಗಳ ಕೆಲಸ.

ದೊಡ್ಡ ಕೆಲಸವೂ ಆಗಿದೆ. 2012ರ ಸ್ಯಾಂಡಿ ಚಂಡಮಾರುತದ ನಂತರ ಡೆಲವೇರ್‌ನ ಪ್ರೈಮ್ ಹುಕ್ ರೆಫ್ಯೂಜಿನಲ್ಲಿ ಒಡೆದ ದಡವನ್ನು ಮತ್ತೆ ಕಟ್ಟಿ, ಸುಮಾರು 4,000 ಎಕರೆ ಜೌಗಿಗೆ ಉಪ್ಪುನೀರಿನ ಹರಿವು ಮರಳಿಸಿದರು. ಅಲ್ಲಿಗೆ ಹಕ್ಕಿಗಳು, ಹಾರ್ಸ್‌ಶೂ ಕ್ರ್ಯಾಬ್‌ಗಳು ತಿರುಗಿ ಬಂದವು. ನಾಲ್ಕು ಹುಲ್ಲಿನಿಂದ ಸಮುದ್ರ ನಿಲ್ಲುವುದಿಲ್ಲ, ನಿಜ. ಅವು ಹಿಡಿದ ಹೂಳು ಆ ಗುಬ್ಬಿಗೆ ಇನ್ನಷ್ಟು ವರ್ಷ ಕೊಡುತ್ತದೆ.

ನಿವೃತ್ತಿ ಆಗಿದೆ, ಆರ್‌ವಿ (ಒಳಗೇ ವಾಸ ಮಾಡಬಹುದಾದ ಮನೆಯಂಥ ಗಾಡಿ) ಇದೆ. ಅಲ್ಲೇ ಉಳಿದು ಕೆಲಸ ಮಾಡಬಹುದಾ?

ಮಾಡಬಹುದು. ಹಲವು ರೆಫ್ಯೂಜುಗಳು ಆರ್‌ವಿ ನಿಲ್ಲಿಸಲು ಜಾಗ, ನೀರು, ಕರೆಂಟು ಕೊಡುತ್ತವೆ. ಬದಲಿಗೆ ವಾರಕ್ಕೆ ಮೂರು ನಾಲ್ಕು ದಿನದ ಕೆಲಸ, ಕೆಲವು ತಿಂಗಳ ಮಟ್ಟಿಗೆ. ಚಳಿಗಾಲದಲ್ಲಿ ಫ್ಲಾರಿಡಾ, ಟೆಕ್ಸಾಸ್ ಕಡೆಯ ಜಾಗಗಳಿಗೆ ಬೇಡಿಕೆ ಜಾಸ್ತಿ. ವರ್ಷ ಮುಂಚೆಯೇ ಕೇಳಿಡಿ.

ಕೆಲವು ತಿಂಗಳಿಂದ ಬರೋಕೆ ಆಗ್ತಿಲ್ಲ. ಮುಖ ತೋರಿಸೋಕೆ ನಾಚಿಕೆ. ಬಿಟ್ಟುಬಿಡ್ಲಾ?

ಬಿಡಬೇಡಿ. ಮಗು ಹುಟ್ಟಿರುತ್ತದೆ, ಕೆಲಸ ಬದಲಾಗಿರುತ್ತದೆ, ಮನಸ್ಸು ಸರಿ ಇರುವುದಿಲ್ಲ. ಕೋಆರ್ಡಿನೇಟರ್‌ಗೆ ಇದೆಲ್ಲ ಹೊಸದಲ್ಲ. "ಸೆಪ್ಟೆಂಬರ್ ತನಕ ಆಗಲ್ಲ, ಆಮೇಲೆ ಬರ್ತೀನಿ" ಅಂತ ಒಂದು ಸಾಲು ಬರೆದು ಕಳಿಸಿ. ನಿಮ್ಮ ಪಾಳಿಯನ್ನು ಬೇರೆಯವರಿಗೆ ಹಂಚಲು ಅವರಿಗೆ ಅಷ್ಟು ತಿಳಿದರೆ ಸಾಕು. ಕೀಲಿ, ರೇಡಿಯೋ ನಿಮ್ಮ ಹತ್ತಿರ ಉಳಿದಿದ್ದರೆ ಅದನ್ನು ಮಾತ್ರ ಈ ವಾರವೇ ಮುಟ್ಟಿಸಿ. ಹಗ್ಗ ಕಟ್ಟುವ ಕೆಲಸ ಮಾರ್ಚ್ ಕೊನೆಗೆ ಶುರುವಾಗುತ್ತದೆ, ಆಗ ಬಂದರೂ ಆಯಿತು.